ದಿವಾಳಿಯಲ್ಲಿ ದುಡಿದವರ ಪಾಲು

ಹಿಂದೆ ಕಂಪನಿಯೊಂದು ದಿವಾಳಿಯೆದ್ದರೆ ಅಡಮಾನ ಹಿಡಿದ ಬ್ಯಾಂಕಿನದೇ ಮೊದಲ ಪಾಲು. ಕಾರ್ಮಿಕರಿಗೆ ಅಳಿದುಳಿದದ್ದೇ ಗತಿ. ಕಂಪನಿ ಮುಚ್ಚುವ ಮೊಕದ್ದಮೆಯಲ್ಲಿ ಕಾರ್ಮಿಕರ ಅಹವಾಲನ್ನೂ ಕೇಳಬೇಕೆಂದು 1982ರಲ್ಲಿ ಸುಪ್ರೀಂ ಕೋರ್ಟ್ ಬಹುಮತದ ತೀರ್ಪಿತ್ತಿತು. 1985ರ ಕಂಪನಿ ಕಾಯ್ದೆ ತಿದ್ದುಪಡಿಯು ಅವರ ಬಾಕಿಯನ್ನು ಅಡಮಾನದ ಸಾಲಕ್ಕೆ ಸರಿಸಮವಾಗಿಸಿತು.

ಆದರೂ ಕಾಯುವುದು ತಪ್ಪಲಿಲ್ಲ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಹಾರಾಟ 2012ರ ಅಕ್ಟೋಬರಿನಲ್ಲಿ ನಿಂತಿತು. ಸಿಬ್ಬಂದಿಗೆ ಆಗಲೇ ಹಲವು ತಿಂಗಳ ಸಂಬಳ ಬಾಕಿಯಿತ್ತು. ಕಂಪನಿಯನ್ನು ವಿಸರ್ಜಿಸಲು ಕರ್ನಾಟಕ ಹೈಕೋರ್ಟ್ ಆದೇಶಿಸಿದ್ದು 2016ರ ನವೆಂಬರಿನಲ್ಲಿ.

ಅದೇ ವರ್ಷ ಬಂದ ದಿವಾಳಿ ಸಂಹಿತೆಯು ಪ್ರಕ್ರಿಯೆಗೆ ಗಡುವು ಹಾಕಿತು. ಆದರೆ ಸರಿಸಮ ಸ್ಥಾನ ಉಳಿದದ್ದು ಕಾರ್ಮಿಕರ 24 ತಿಂಗಳ ಬಾಕಿಗೆ ಮಾತ್ರ. ಇತರ ನೌಕರರ 12 ತಿಂಗಳ ಸಂಬಳ ಅದರ ಕೆಳಗಿನ ಮೆಟ್ಟಿಲಿಗೆ ಇಳಿಯಿತು. ಭವಿಷ್ಯನಿಧಿ, ಗ್ರಾಚ್ಯುಟಿ ನಿಧಿಗಳು ಮಾತ್ರ ಸಾಲ ಕೊಟ್ಟವರ ಕೈಗೆ ಸಿಗದಂತೆ ಹಂಚಿಕೆಯ ಹೊರಗುಳಿದವು.