ಗಡಿ ದಾಟುವ ವಿದ್ಯುತ್ತಿಗೊಂದು ಪಂಚಾಯಿತಿ

2006ರ ನವೆಂಬರ್ 4, ಶನಿವಾರ ರಾತ್ರಿ. ಜರ್ಮನಿಯ ವಾಯವ್ಯ ಮೂಲೆಯ ಪಾಪೆನ್‌ಬುರ್ಗ್ ಎಂಬ ಊರಿನಲ್ಲಿ ಆಗಷ್ಟೇ ಕಟ್ಟಿ ಮುಗಿಸಿದ್ದ ‘ನಾರ್ವೇಜಿಯನ್ ಪರ್ಲ್’ ಎಂಬ ವಿಹಾರ ನೌಕೆ ಎಮ್ಸ್ ನದಿಯಲ್ಲಿ ಸಾಗಿ ಸಮುದ್ರ ಸೇರಬೇಕಾಗಿತ್ತು. ನದಿಯ ಮೇಲೆ 380 ಕಿಲೋವೋಲ್ಟ್ ವಿದ್ಯುತ್ ತಂತಿಗಳು ಹಾದುಹೋಗಿದ್ದವು. ಎತ್ತರದ ನೌಕೆ ಅವುಗಳ ಅಡಿಯಲ್ಲಿ ಅಪಾಯವಿಲ್ಲದೆ ದಾಟಲೆಂದು ಅಲ್ಲಿನ ಪ್ರಸರಣ ಕಂಪೆನಿ ರಾತ್ರಿ ಒಂಬತ್ತೂವರೆಯ ಸುಮಾರಿಗೆ ಆ ಮಾರ್ಗವನ್ನು ಸ್ಥಗಿತಗೊಳಿಸಿತು. ಇಂಥದು ಹಿಂದೆಯೂ ನಡೆದಿತ್ತು. ಈ ಸಲ ಮಾತ್ರ ನೌಕೆ ಕಟ್ಟಿದವರ ಕೋರಿಕೆಯಂತೆ ಹೊರಡುವ ವೇಳೆಯನ್ನು ಮೂರು ಗಂಟೆ ಮುಂದಕ್ಕೆ ತಂದಿದ್ದರು. ನೆರೆಯ ಕಂಪೆನಿಗಳಿಗೆ ಅದು ತಿಳಿದದ್ದು ತೀರ ತಡವಾಗಿ.

ಸ್ಥಗಿತಗೊಂಡ ಮಾರ್ಗದ ವಿದ್ಯುತ್ತು ಬೇರೆ ಮಾರ್ಗಗಳಿಗೆ ನುಗ್ಗಿತು. ಹಾಗೆ ಹೊರೆ ಬಿದ್ದ ಒಂದು ಮಾರ್ಗದ ಎರಡು ತುದಿಗಳು ಎರಡು ಕಂಪೆನಿಗಳ ಉಸ್ತುವಾರಿಯಲ್ಲಿದ್ದವು. ಎಷ್ಟು ಹೊರೆಯನ್ನು ತಾಳಬಹುದು ಎಂಬ ಮಿತಿಯನ್ನು ಒಂದು ತುದಿಯವರು ಒಂದು ರೀತಿ, ಇನ್ನೊಂದು ತುದಿಯವರು ಇನ್ನೊಂದು ರೀತಿ ಗೊತ್ತುಮಾಡಿಕೊಂಡಿದ್ದರು. ಈ ವ್ಯತ್ಯಾಸ ಯಾರ ಲೆಕ್ಕಕ್ಕೂ ಬರಲಿಲ್ಲ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಆ ಮಾರ್ಗ ಕಡಿದುಕೊಂಡಿತು. ಅದರ ಹಿಂದೆಯೇ ಒಂದಾದ ಮೇಲೊಂದು ಮಾರ್ಗ ಬಿದ್ದು, ನಿಮಿಷ ಕಳೆಯುವುದರೊಳಗೆ ಪೋರ್ಚುಗಲ್‌ನಿಂದ ಬಾಲ್ಕನ್ ದೇಶಗಳವರೆಗೆ ಹಬ್ಬಿದ್ದ ವಿದ್ಯುತ್ ಜಾಲ ಮೂರು ತುಂಡಾಯಿತು. ಫ್ರಾನ್ಸ್, ಇಟಲಿ, ಸ್ಪೇನ್ ದೇಶಗಳಲ್ಲಿಯೂ ದೀಪಗಳು ಆರಿದವು. ಒಟ್ಟು 1.5 ಕೋಟಿಗೂ ಹೆಚ್ಚು ಮನೆಗಳು ಕತ್ತಲಲ್ಲಿ ಮುಳುಗಿದವು. ಎರಡು ಗಂಟೆಯೊಳಗೆ ಎಲ್ಲವೂ ಸರಿಹೋಯಿತೆಂಬುದು ನಿಜ. ಆದರೆ ಒಂದು ಪ್ರಶ್ನೆ ಉಳಿಯಿತು: ಇಡೀ ಖಂಡಕ್ಕೆ ಜಾಲ ಒಂದೇ ಆಗಿರುವಾಗ ಅದರ ಮೇಲ್ವಿಚಾರಣೆ ಮಾತ್ರ ದೇಶದೇಶಕ್ಕೆ ಬೇರೆಯಾಗಿರಬಹುದೇ?

ಈ ಪ್ರಶ್ನೆಗೆ ಐರೋಪ್ಯ ಒಕ್ಕೂಟ ಕಂಡುಕೊಂಡ ಉತ್ತರಗಳಲ್ಲಿ ಒಂದು, ‘ಏಸರ್’ ಎಂಬ ಚುಟುಕು ಹೆಸರಿನಿಂದ ಕರೆಯಲಾಗುವ ಇಂಧನ ನಿಯಂತ್ರಕರ ಸಹಕಾರ ಸಂಸ್ಥೆ. ಅದರ ಹೆಸರಿನಲ್ಲೇ ಇರುವ ‘ಸಹಕಾರ’ ಎಂಬ ಪದ ಅಲಂಕಾರಕ್ಕೆ ಬಂದದ್ದಲ್ಲ. ಅದರ ಹಿಂದೆ ಅರ್ಧ ಶತಮಾನದ ಇತಿಹಾಸವಿದೆ.

ಕಲ್ಲಿದ್ದಲಿನಿಂದ ತಂತಿಯವರೆಗೆ

ಐರೋಪ್ಯ ಒಕ್ಕೂಟದ ಬೇರು ಇರುವುದೇ ಇಂಧನದಲ್ಲಿ. ಎರಡನೆಯ ಮಹಾಯುದ್ಧದ ನಂತರ, 1951ರಲ್ಲಿ, ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ದೇಶಗಳು ಸೇರಿ ಕಲ್ಲಿದ್ದಲು ಮತ್ತು ಉಕ್ಕಿನ ಸಮುದಾಯವನ್ನು ಸ್ಥಾಪಿಸಿದವು. ಯುದ್ಧದ ಸಾಮಗ್ರಿಯೇ ಎಲ್ಲರ ಕಣ್ಣೆದುರಿಗಿದ್ದರೆ ಮತ್ತೆ ಯುದ್ಧ ನಡೆಯದು ಎಂಬುದು ಅದರ ಆಶಯ. 1957ರಲ್ಲಿ ಅಣುಶಕ್ತಿಗೂ ಇಂಥದೇ ಸಮುದಾಯ ಬಂತು. ಆದರೆ ಜನಸಾಮಾನ್ಯರ ಮನೆ ಮುಟ್ಟುವ ವಿದ್ಯುತ್ತು ಮತ್ತು ಅನಿಲ ಮಾತ್ರ ಆಯಾ ದೇಶದ ಸ್ವಂತ ವ್ಯವಹಾರವಾಗಿಯೇ ಉಳಿದವು. ಫ್ರಾನ್ಸ್ 1946ರಲ್ಲೂ ಇಟಲಿ 1962ರಲ್ಲೂ ವಿದ್ಯುತ್ ಉದ್ಯಮವನ್ನು ರಾಷ್ಟ್ರೀಕರಣ ಮಾಡಿದವು.

ತಂತ್ರಜ್ಞರು ರಾಜಕಾರಣಿಗಳಿಗಿಂತ ಮುಂದಿದ್ದರು. ರೈನ್ ನದಿಯ ದಡದಲ್ಲಿ, ಸ್ವಿಟ್ಸರ್ಲೆಂಡ್ ಮತ್ತು ಜರ್ಮನಿಯ ಗಡಿಯಲ್ಲಿರುವ ಲಾಫೆನ್‌ಬುರ್ಗ್ ಎಂಬ ಪುಟ್ಟ ಊರಿನಲ್ಲಿ 1958ರಲ್ಲಿ ಆ ಎರಡು ದೇಶಗಳ ಮತ್ತು ಫ್ರಾನ್ಸಿನ ಜಾಲಗಳನ್ನು ಒಂದಕ್ಕೊಂದು ಜೋಡಿಸಿದರು. ಆಗ ಉದ್ದೇಶ ವ್ಯಾಪಾರವಾಗಿರಲಿಲ್ಲ. ಒಬ್ಬರ ಘಟಕ ಕೆಟ್ಟರೆ ಇನ್ನೊಬ್ಬರು ಕೈ ಹಿಡಿಯುವ ನೆರೆಹೊರೆಯ ಏರ್ಪಾಡು ಅದು. ಹಿತ್ತಲ ಬೇಲಿಯ ಮೇಲಿಂದ ಸಕ್ಕರೆ ಬಟ್ಟಲು ದಾಟಿಸಿದ ಹಾಗೆ. ಅದಕ್ಕೆ ನ್ಯಾಯಾಧೀಶರ ಅಗತ್ಯವಿರಲಿಲ್ಲ.

ವ್ಯಾಪಾರ ಬಂದಾಗ ಪರಿಸ್ಥಿತಿ ಬದಲಾಯಿತು. 1990ರಲ್ಲಿ ಬ್ರಿಟನ್ ವಿದ್ಯುತ್ ಉದ್ಯಮವನ್ನು ಖಾಸಗಿಯವರಿಗೆ ಮಾರಿತು. 1991ರಿಂದ ನಾರ್ವೆ ತನ್ನ ವಿದ್ಯುತ್ ಮಾರುಕಟ್ಟೆಯನ್ನು ತೆರೆಯಿತು. ಐರೋಪ್ಯ ಒಕ್ಕೂಟ 1996ರಲ್ಲಿ ವಿದ್ಯುತ್ತಿಗೂ 1998ರಲ್ಲಿ ಅನಿಲಕ್ಕೂ ಮೊದಲ ಕಟ್ಟಳೆಗಳನ್ನು ಹೊರಡಿಸಿತು. 2003ರ ಎರಡನೆಯ ಕಂತಿನ ಕಟ್ಟಳೆಗಳು ಪ್ರತಿ ದೇಶದಲ್ಲೂ ಒಂದು ನಿಯಂತ್ರಣ ಸಂಸ್ಥೆ ಇರಬೇಕೆಂದವು. ಹೀಗೆ ಹುಟ್ಟಿದ ನಿಯಂತ್ರಕರೆಲ್ಲ ಆಗಾಗ ಸೇರಿ ಚರ್ಚಿಸುವ, ಸಲಹೆ ಕೊಡುವ ಒಂದು ಕೂಟವೂ ಅದೇ ವರ್ಷ ರಚನೆಯಾಯಿತು. ಸಲಹೆ ಕೊಡುವುದಷ್ಟೇ ಅದರ ಕೆಲಸ. ಅದನ್ನು ಕೇಳಲೇಬೇಕೆಂಬ ಕಟ್ಟುಪಾಡು ಯಾರಿಗೂ ಇರಲಿಲ್ಲ.

ಆ ವರ್ಷ ಸೆಪ್ಟೆಂಬರ್ 28ರ ನಸುಕಿನಲ್ಲಿ ಸ್ವಿಟ್ಸರ್ಲೆಂಡಿನ ಒಂದು ಮಾರ್ಗ ಮರಕ್ಕೆ ತಾಗಿ ಕಡಿದು, ಕೊನೆಗೆ ಬಹುಪಾಲು ಇಟಲಿಯೇ ಕತ್ತಲಾಯಿತು. ಮೂರು ವರ್ಷದ ಮೇಲೆ ಎಮ್ಸ್ ನದಿಯ ಪ್ರಸಂಗ. 2009ರ ಜನವರಿಯಲ್ಲಿ ರಷ್ಯಾ ಮತ್ತು ಯುಕ್ರೇನ್ ನಡುವಿನ ಜಗಳದಿಂದ ಯುಕ್ರೇನ್ ಮೂಲಕ ಬರುತ್ತಿದ್ದ ಅನಿಲ ಸುಮಾರು ಎರಡು ವಾರ ನಿಂತುಹೋಗಿ, ಬಲ್ಗೇರಿಯ ಮತ್ತು ಸ್ಲೊವಾಕಿಯದ ಜನ ಕಡುಚಳಿಯಲ್ಲಿ ನಡುಗಿದರು. ಸಲಹೆಯ ಕಾಲ ಮುಗಿದಿತ್ತು. 2009ರ ಜುಲೈಯಲ್ಲಿ ಮೂರನೆಯ ಕಂತಿನ ಕಟ್ಟಳೆಗಳೊಂದಿಗೆ ಏಸರ್ ಸಂಸ್ಥೆಗೆ ಕಾನೂನಿನ ರೂಪ ಬಂತು. 2011ರ ಮಾರ್ಚಿನಲ್ಲಿ ಸ್ಲೊವೇನಿಯದ ರಾಜಧಾನಿ ಲುಬ್ಲಿಯಾನಾದಲ್ಲಿ ಅದು ಕೆಲಸ ಆರಂಭಿಸಿತು. ಇಟಲಿಯ ಆಲ್ಬರ್ಟೊ ಪೊಟೊಚ್‌ನಿಗ್ ಅದರ ಮೊದಲ ನಿರ್ದೇಶಕರು.

ಕಟ್ಟಿಹಾಕಿದ ಕೈಗಳು

ಇಡೀ ಒಕ್ಕೂಟಕ್ಕೆ ಒಬ್ಬನೇ ನಿಯಂತ್ರಕನನ್ನು ನೇಮಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಅಡ್ಡ ಬಂದದ್ದು ಗುಜರಿ ಕಬ್ಬಿಣದ ಒಂದು ಹಳೆಯ ಮೊಕದ್ದಮೆ. ಕಲ್ಲಿದ್ದಲು–ಉಕ್ಕು ಸಮುದಾಯದ ದಿನಗಳಲ್ಲಿ ಗುಜರಿಯ ಬೆಲೆಯನ್ನು ಸರಿದೂಗಿಸಲು ಕಂಪೆನಿಗಳ ಮೇಲೆ ಒಂದು ವಂತಿಗೆ ಹಾಕಲಾಗುತ್ತಿತ್ತು. ವಂತಿಗೆಯ ಲೆಕ್ಕಾಚಾರವನ್ನು ಸಮುದಾಯದ ಉನ್ನತ ಪ್ರಾಧಿಕಾರ ಬೇರೆ ಸಂಸ್ಥೆಗಳಿಗೆ ವಹಿಸಿಕೊಟ್ಟಿತ್ತು. ಮೆರೋನಿ ಎಂಬ ಇಟಲಿಯ ಕಂಪೆನಿ ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಯಿತು. 1958ರಲ್ಲಿ ನ್ಯಾಯಾಲಯ, ಒಪ್ಪಂದದ ಮೂಲಕ ಅಧಿಕಾರ ಪಡೆದವರು ತಮ್ಮ ವಿವೇಚನಾಧಿಕಾರವನ್ನು ಮತ್ತೊಬ್ಬರ ಕೈಗೆ ದಾಟಿಸುವಂತಿಲ್ಲ ಎಂದು ತೀರ್ಪಿತ್ತಿತು. ಆ ತೀರ್ಪಿನ ನೆರಳು ಐರೋಪ್ಯ ಒಕ್ಕೂಟದ ಎಲ್ಲ ಸಂಸ್ಥೆಗಳ ಮೇಲೆ ಇಂದಿಗೂ ಬಿದ್ದಿದೆ. ಹಾಗಾಗಿ ಏಸರ್ ರಚನೆಯಾದದ್ದು ದೇಶಗಳ ನಿಯಂತ್ರಕರ ಮೇಲಿನ ಯಜಮಾನನಾಗಿ ಅಲ್ಲ. ಅವರನ್ನೆಲ್ಲ ಕೂರಿಸಿ ಮಾತಾಡಿಸುವ ಪಂಚಾಯಿತಿಯಾಗಿ.

ಪಂಚಾಯಿತಿಯ ಕಟ್ಟು ಹೀಗಿದೆ. ಪ್ರತಿ ದೇಶದ ನಿಯಂತ್ರಣ ಸಂಸ್ಥೆಯ ಒಬ್ಬರು ‘ನಿಯಂತ್ರಕರ ಮಂಡಳಿ’ಯಲ್ಲಿ ಕೂರುತ್ತಾರೆ. ಜರ್ಮನಿಗೂ ಒಂದೇ ಮತ, ಮಾಲ್ಟಾಕ್ಕೂ ಒಂದೇ ಮತ. ಮೂರನೆಯ ಎರಡರಷ್ಟು ಬಹುಮತವಿದ್ದರೆ ತೀರ್ಮಾನ. ನೆರೆಯ ದೇಶಗಳ ನಿಯಂತ್ರಕರು ಗಡಿ ದಾಟುವ ಮಾರ್ಗದ ಬಗ್ಗೆ ಆರು ತಿಂಗಳಲ್ಲಿ ಒಮ್ಮತಕ್ಕೆ ಬರದಿದ್ದರೆ ವಿಷಯ ಲುಬ್ಲಿಯಾನಾಕ್ಕೆ ಹೋಗುತ್ತದೆ. ಅಲ್ಲಿಯ ನಿರ್ಧಾರ ಎಲ್ಲರನ್ನೂ ಕಟ್ಟುತ್ತದೆ. ಒಪ್ಪದವರು ಸಂಸ್ಥೆಯದೇ ಮೇಲ್ಮನವಿ ಮಂಡಳಿಗೆ, ಅನಂತರ ಐರೋಪ್ಯ ನ್ಯಾಯಾಲಯಕ್ಕೆ ಹೋಗಬಹುದು. 2019ರಲ್ಲಿ ಈ ಕಾನೂನನ್ನು ಪರಿಷ್ಕರಿಸಿ, ಇಡೀ ಒಕ್ಕೂಟಕ್ಕೆ ಅನ್ವಯಿಸುವ ಮಾರುಕಟ್ಟೆ ವಿಧಾನಗಳನ್ನು ನೇರವಾಗಿ ಏಸರ್ ಮುಂದೆಯೇ ತರಬೇಕೆಂದು ಮಾಡಲಾಯಿತು.

ಗಾಳಿಯ ವಿದ್ಯುತ್ತಿನ ಅಡ್ಡದಾರಿ

ಇಂಥ ಪಂಚಾಯಿತಿಯ ಅಗತ್ಯವೇನೆಂಬುದನ್ನು ಜರ್ಮನಿ–ಆಸ್ಟ್ರಿಯ ಪ್ರಕರಣ ಚೆನ್ನಾಗಿ ತೋರಿಸುತ್ತದೆ. ಬಹುಕಾಲ ಈ ಎರಡೂ ದೇಶಗಳು ಸೇರಿ ಒಂದೇ ಬೆಲೆಯ ವಲಯವಾಗಿದ್ದವು. ಆಸ್ಟ್ರಿಯದ ವ್ಯಾಪಾರಿ ಉತ್ತರ ಜರ್ಮನಿಯ ಅಗ್ಗದ ಗಾಳಿ ವಿದ್ಯುತ್ತನ್ನು ಬೇಕಾದಷ್ಟು ಕೊಳ್ಳಬಹುದಿತ್ತು. ಆದರೆ ಜರ್ಮನಿಯ ಉತ್ತರದಿಂದ ದಕ್ಷಿಣಕ್ಕೆ ಅಷ್ಟನ್ನು ಹೊರಲು ಸಾಕಷ್ಟು ತಂತಿಗಳಿರಲಿಲ್ಲ. ವಿದ್ಯುತ್ತು ಖರೀದಿ ಪತ್ರ ನೋಡಿ ಹರಿಯುವುದಿಲ್ಲ. ಹಾದಿ ಸಿಕ್ಕ ಕಡೆ ಹರಿಯುತ್ತದೆ. ಹಾಗೆ ಅದು ಪೋಲೆಂಡ್ ಮತ್ತು ಜೆಕ್ ದೇಶದ ಜಾಲಗಳ ಮೂಲಕ ಸುತ್ತಿಕೊಂಡು ಆಸ್ಟ್ರಿಯ ಸೇರುತ್ತಿತ್ತು. ಮಾರಿದವರು ಒಬ್ಬರು, ಕೊಂಡವರು ಇನ್ನೊಬ್ಬರು. ಹೊರೆ ಹೊತ್ತವರು ಮಾತ್ರ ವ್ಯಾಪಾರದಲ್ಲಿ ಇಲ್ಲದ ಮೂರನೆಯವರು.

ಪೋಲೆಂಡಿನ ನಿಯಂತ್ರಕರು ಏಸರ್‌ಗೆ ದೂರಿತ್ತರು. ಎರಡು ದೇಶಗಳ ನಡುವೆ ವಿದ್ಯುತ್ ಸಾಗಣೆಗೆ ಮಿತಿ ಇರಬೇಕು ಎಂದು 2015ರ ಸೆಪ್ಟೆಂಬರಿನಲ್ಲಿ ಸಂಸ್ಥೆ ಅಭಿಪ್ರಾಯಪಟ್ಟಿತು. 2016ರ ನವೆಂಬರಿನಲ್ಲಿ ಆ ಗಡಿಯನ್ನು ಪ್ರತ್ಯೇಕ ಗಡಿಯೆಂದೇ ಎಣಿಸಿ ನಿರ್ಧಾರ ಹೊರಡಿಸಿತು. ಆಸ್ಟ್ರಿಯದ ನಿಯಂತ್ರಕರು ಮೇಲ್ಮನವಿ ಹೂಡಿದರು, ನ್ಯಾಯಾಲಯಕ್ಕೂ ಹೋದರು. ಈ ನಡುವೆ 2017ರ ಮೇ ತಿಂಗಳಲ್ಲಿ ಎರಡೂ ದೇಶಗಳು ಮಾತಾಡಿಕೊಂಡು 4,900 ಮೆಗಾವಾಟ್ ಸಾಗಣೆಗೆ ಒಪ್ಪಿದವು. 2018ರ ಅಕ್ಟೋಬರ್ 1ರಂದು ವಲಯ ಎರಡಾಯಿತು. ಅಂದಿನಿಂದ, ತಂತಿ ತುಂಬಿದ ಹೊತ್ತಿನಲ್ಲಿ ಆಸ್ಟ್ರಿಯದ ಸಗಟು ಬೆಲೆ ಜರ್ಮನಿಯದಕ್ಕಿಂತ ಬೇರೆಯಾಗಬಹುದು. ನಿಜವಾದ ಕೊರತೆಯನ್ನು ಬೆಲೆ ತೋರಿಸಬೇಕು, ಅದನ್ನು ನೆರೆಯವರ ಮೇಲೆ ಹೇರಬಾರದು ಎಂಬುದು ಇಲ್ಲಿಯ ತತ್ತ್ವ.

ಏಸರ್‌ನ ಇನ್ನೊಂದು ಕೆಲಸ ಕಾವಲು. ಸಗಟು ಮಾರುಕಟ್ಟೆಯಲ್ಲಿ ಬೆಲೆ ನಿರ್ಧಾರವಾಗುವುದು ಹೀಗೆ: ಅಗ್ಗದ ಘಟಕದಿಂದ ಹಿಡಿದು ಬೇಡಿಕೆ ಪೂರೈಸುವವರೆಗೆ ಒಂದೊಂದೇ ಘಟಕವನ್ನು ಆರಿಸುತ್ತ ಹೋಗುತ್ತಾರೆ. ಕೊನೆಯದಾಗಿ ಬೇಕಾದ ಘಟಕದ ಬೆಲೆಯೇ ಎಲ್ಲರಿಗೂ ಸಲ್ಲುತ್ತದೆ. ಹೀಗಿರುವಾಗ ದೊಡ್ಡ ಉತ್ಪಾದಕನೊಬ್ಬ ಒಂದು ಘಟಕವನ್ನು ಸುಮ್ಮನೆ ತಡೆಹಿಡಿದರೆ ಅವನ ಉಳಿದ ಘಟಕಗಳಿಗೆಲ್ಲ ಲಾಭ. ಘಟಕ ಕೆಟ್ಟ ಸುದ್ದಿಯನ್ನು ಮುಚ್ಚಿಟ್ಟು ಮೊದಲೇ ವಿದ್ಯುತ್ ಕೊಂಡಿಡುವುದೂ ಸಾಧ್ಯ. 2011ರ ಒಂದು ಕಾನೂನು ಇದನ್ನೆಲ್ಲ ಅಪರಾಧವೆಂದು ಸಾರಿತು. 2015ರ ಅಕ್ಟೋಬರಿನಿಂದ ಸಗಟು ವ್ಯವಹಾರಗಳ ವಿವರಗಳು ಲುಬ್ಲಿಯಾನಾಕ್ಕೆ ಹರಿದುಬರತೊಡಗಿದವು. ಆದರೆ ಇಲ್ಲಿಯೂ ಏಸರ್ ಅನುಮಾನ ಬಂದದ್ದನ್ನು ತಿಳಿಸುತ್ತಿತ್ತೇ ಹೊರತು, ತನಿಖೆ ಮತ್ತು ದಂಡ ಆಯಾ ದೇಶದ ನಿಯಂತ್ರಕರದು. 2024ರ ತಿದ್ದುಪಡಿ ಹಲವು ದೇಶಗಳಿಗೆ ಹಬ್ಬಿದ ಪ್ರಕರಣಗಳ ತನಿಖೆಯ ಅಧಿಕಾರವನ್ನು ಸಂಸ್ಥೆಗೆ ಕೊಟ್ಟಿತು. ದಂಡ ಹಾಕುವುದು ಮಾತ್ರ ದೇಶಗಳ ಕೈಯಲ್ಲೇ ಉಳಿಯಿತು.

ಈ ಬೆಲೆ ವಿಧಾನಕ್ಕೆ ದೊಡ್ಡ ಪರೀಕ್ಷೆ ಬಂದದ್ದು 2022ರಲ್ಲಿ. ರಷ್ಯಾ ಯುಕ್ರೇನ್ ಮೇಲೆ ದಂಡೆತ್ತಿ ಹೋದ ಮೇಲೆ ಅನಿಲದ ಬೆಲೆ ಆಗಸ್ಟಿನಲ್ಲಿ ಮೆಗಾವಾಟ್ ಗಂಟೆಗೆ 300 ಯೂರೋ ದಾಟಿತು. ಬಹಳಷ್ಟು ಹೊತ್ತು ಕೊನೆಯ ಘಟಕ ಅನಿಲದ್ದೇ ಆದ್ದರಿಂದ ವಿದ್ಯುತ್ತಿನ ಬೆಲೆಯೂ ಅದರ ಬಾಲ ಹಿಡಿದು ಮೇಲೇರಿತು. ನೀರಿನ, ಗಾಳಿಯ, ಅಣುಶಕ್ತಿಯ ವಿದ್ಯುತ್ತಿಗೂ ಅನಿಲದ ಬೆಲೆ ಏಕೆ ತೆರಬೇಕೆಂದು ಜನ ಕೇಳಿದರು. ಸ್ಪೇನ್ ಸರ್ಕಾರವೂ ಕೇಳಿತು. ಅದಕ್ಕೂ ಮುನ್ನ, ಏಪ್ರಿಲ್ ಕೊನೆಯಲ್ಲೇ, ಏಸರ್ ತನ್ನ ವರದಿಯಲ್ಲಿ ಈ ವ್ಯವಸ್ಥೆಯನ್ನು ಉಳಿಸಿಕೊಳ್ಳಬೇಕೆಂದು ಹೇಳಿತ್ತು. ಬಿಕ್ಕಟ್ಟಿನ ಮೂಲ ಅನಿಲದ ಅಭಾವವೇ ಹೊರತು ಮಾರುಕಟ್ಟೆಯ ವಿನ್ಯಾಸವಲ್ಲ ಎಂಬುದು ಅದರ ನಿಲುವು. ಆರ್ಥಿಕ ತರ್ಕಕ್ಕೆ ಅದು ಸರಿಯಿದ್ದೀತು. ತಿಂಗಳ ಬಿಲ್ಲು ಕೈಯಲ್ಲಿ ಹಿಡಿದವರಿಗೆ ಸಮಾಧಾನ ತರುವ ಮಾತು ಅದಾಗಿರಲಿಲ್ಲ.

ನಾರ್ವೆಯ ಬೀದಿಗಳಲ್ಲಿ

ಯೂರೋಪಿನ ಬಹುಪಾಲು ಜನ ಏಸರ್ ಹೆಸರನ್ನೇ ಕೇಳಿರಲಾರರು. ಅದು ಮನೆಮಾತಾದದ್ದು ಒಕ್ಕೂಟದ ಸದಸ್ಯನೇ ಅಲ್ಲದ ನಾರ್ವೆಯಲ್ಲಿ! ನಾರ್ವೆಯ ವಿದ್ಯುತ್ತಿನಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಜಲಪಾತ ಮತ್ತು ಅಣೆಕಟ್ಟುಗಳಿಂದ ಬರುತ್ತದೆ. ಸ್ವೀಡನ್ನಿನಿಂದ 1905ರಲ್ಲಿ ಬೇರೆಯಾದ ಮರುವರ್ಷವೇ, ವಿದೇಶಿ ಬಂಡವಳಿಗರು ಜಲಪಾತಗಳನ್ನು ಕೊಂಡುಬಿಡುತ್ತಾರೆಂಬ ಭಯದಿಂದ ಆ ದೇಶ ಆತುರಾತುರವಾಗಿ ಕಾನೂನು ಮಾಡಿತು. ಅವಕ್ಕೆ ‘ಗಾಬರಿ ಕಾನೂನು’ಗಳೆಂದೇ ಹೆಸರು. ಖಾಸಗಿಯವರಿಗೆ ಕೊಟ್ಟ ಜಲಪಾತ ಗೊತ್ತಾದ ಅವಧಿಯ ನಂತರ ಸರ್ಕಾರಕ್ಕೆ ಮರಳಬೇಕೆಂಬ ನಿಯಮವೂ ಮುಂದೆ ಬಂತು. ಅಲ್ಲಿಯವರಿಗೆ ಅಗ್ಗದ ವಿದ್ಯುತ್ತು ಬರಿಯ ಸರಕಲ್ಲ. ಹಿರಿಯರು ಕಾದಿಟ್ಟ ಆಸ್ತಿ.

ಐರೋಪ್ಯ ಆರ್ಥಿಕ ಪ್ರದೇಶದ ಒಪ್ಪಂದಕ್ಕೆ ಸೇರಿರುವುದರಿಂದ ಮೂರನೆಯ ಕಂತಿನ ಕಟ್ಟಳೆಗಳನ್ನು ನಾರ್ವೆಯೂ ಸ್ವೀಕರಿಸಬೇಕಾಯಿತು. ಏಸರ್ ಮಂಡಳಿಯಲ್ಲಿ ಅದಕ್ಕೆ ಕೂರುವ ಜಾಗವಿದೆ, ಮತವಿಲ್ಲ. 2018ರ ಮಾರ್ಚ್ 22ರಂದು ಸಂಸತ್ತು ಅನುಮೋದನೆ ಕೊಡುವ ಮೊದಲು ಊರೂರುಗಳಲ್ಲಿ ಪ್ರತಿಭಟನೆ ನಡೆಯಿತು. ಸರಳ ಬಹುಮತ ಸಾಲದು, ನಾಲ್ಕನೆಯ ಮೂರರಷ್ಟು ಬೇಕಿತ್ತೆಂದು ಒಕ್ಕೂಟ ವಿರೋಧಿ ಸಂಘಟನೆಯೊಂದು ನ್ಯಾಯಾಲಯಕ್ಕೆ ಹೋಯಿತು. ಸರ್ವೋಚ್ಚ ನ್ಯಾಯಾಲಯ 2023ರ ಅಕ್ಟೋಬರಿನಲ್ಲಿ ಸರ್ಕಾರದ ಪರ ತೀರ್ಪಿತ್ತಿತು.

ಈ ನಡುವೆ 2021ರಲ್ಲಿ ಜರ್ಮನಿಗೂ ಬ್ರಿಟನ್‌ಗೂ ತಲಾ 1,400 ಮೆಗಾವಾಟಿನ ಸಮುದ್ರ ಕೇಬಲುಗಳು ಕೆಲಸ ಆರಂಭಿಸಿದ್ದವು. ಅನಿಲದ ಬಿಕ್ಕಟ್ಟು ಬಂದಾಗ ದಕ್ಷಿಣ ನಾರ್ವೆಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಉತ್ತರ ನಾರ್ವೆಯಲ್ಲಿ ಅದು ಅಗ್ಗವಾಗಿಯೇ ಇತ್ತು. ನಡುವಿನ ತಂತಿಗಳ ಸಾಮರ್ಥ್ಯ ಕಡಿಮೆಯಿದ್ದದ್ದೇ ಕಾರಣ. ಕೇಬಲು ಹಾಕುವ ತೀರ್ಮಾನ ನಾರ್ವೆಯದೇ ಆಗಿತ್ತು, ಲುಬ್ಲಿಯಾನಾದ್ದಲ್ಲ. ಯೂರೋಪಿಗೆ ಮುಂಚೆಯೇ ಮಾರುಕಟ್ಟೆ ತೆರೆದದ್ದೂ ನಾರ್ವೆಯೇ. ಆದರೂ ಜನರ ಸಿಟ್ಟಿಗೆ ಒಂದು ಹೆಸರು ಬೇಕಿತ್ತು. ಏಸರ್ ಎಂಬುದು ಬಾಯಿಗೆ ಸುಲಭವಾಗಿ ಬರುವ ಹೆಸರು. ಹಾಗೆಂದು ಅವರ ಪ್ರಶ್ನೆ ಹುರುಳಿಲ್ಲದ್ದಲ್ಲ. ನಿಯಮ ಮಾಡುವ ಕಡೆ ತನಗೆ ಮತವಿಲ್ಲದಿದ್ದರೆ ಆ ನಿಯಮಕ್ಕೆ ಪ್ರಜೆ ಏಕೆ ತಲೆಬಾಗಬೇಕು ಎಂಬುದು ಪ್ರಜಾಪ್ರಭುತ್ವದಷ್ಟೇ ಹಳೆಯ ಪ್ರಶ್ನೆ.

ಏಸರ್ ಕಚೇರಿ ಇರುವುದು ಲುಬ್ಲಿಯಾನಾದ ಗಣರಾಜ್ಯ ಚೌಕದಲ್ಲಿ. 1991ರ ಜೂನ್‌ನಲ್ಲಿ ಸ್ಲೊವೇನಿಯ ತನ್ನ ಸ್ವಾತಂತ್ರ್ಯವನ್ನು ಸಾರಿದ್ದು ಅದೇ ಚೌಕದಲ್ಲಿ. ದೇಶದ ಸ್ವಾಧಿಕಾರ ಮತ್ತು ನೆರೆಹೊರೆಯ ಹಂಗು ಎರಡೂ ಅಲ್ಲಿ ಅಕ್ಕಪಕ್ಕದಲ್ಲಿವೆ. 2025ರ ಆರಂಭದಲ್ಲಿ ಇವೆರಡರ ಸೆಳೆತವನ್ನು ಹತ್ತು ದಿನಗಳ ಅಂತರದಲ್ಲಿ ಯೂರೋಪ್ ಕಂಡಿತು. ಜನವರಿ 30ರಂದು ನಾರ್ವೆಯ ಕೇಂದ್ರ ಪಕ್ಷ, ಒಕ್ಕೂಟದ ಇನ್ನೂ ಮೂರು ಇಂಧನ ನಿರ್ದೇಶಗಳನ್ನು ಒಪ್ಪಲಾರೆವೆಂದು ಸರ್ಕಾರದಿಂದ ಹೊರನಡೆಯಿತು. ಫೆಬ್ರುವರಿ 9ರಂದು ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯ ದೇಶಗಳು ರಷ್ಯಾದ ಜಾಲದಿಂದ ಕಳಚಿಕೊಂಡು, ಪೋಲೆಂಡಿನ ಮೂಲಕ ಐರೋಪ್ಯ ಜಾಲಕ್ಕೆ ಸೇರಿ ಸಂಭ್ರಮಿಸಿದವು. ಒಬ್ಬರಿಗೆ ಕಟ್ಟುಪಾಡಾಗಿ ಕಂಡ ತಂತಿ ಇನ್ನೊಬ್ಬರಿಗೆ ಬಿಡುಗಡೆಯಾಗಿ ಕಂಡಿತು. ಇಬ್ಬರ ಅನುಭವಕ್ಕೂ ಜಾಗ ಕೊಡುವಂತೆ ಪಂಚಾಯಿತಿ ನಡೆಸುವುದೇ ಆ ಚೌಕದ ಕಚೇರಿಯ ಮುಂದಿರುವ ಕೆಲಸ.