ಶಿಖರವಿದ್ದ ಕಲ್ಲಿನ ರಥ

ಶಹಾಪುರದ ವಿದ್ಯಾರ್ಥಿಗಳು ಬೆಳಗಾವಿ ಕೋಟೆಯ ಕಮಲ ಬಸದಿಯನ್ನು ನೋಡಿಯೇ ಇರುತ್ತೀರಿ. ರಟ್ಟ ಅರಸ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಬಸದಿ ಅದು. ಜೇಮ್ಸ್ ಬರ್ಗೆಸ್ 1874ರಲ್ಲಿ ಬೆಳಗಾವಿ ಹಾಗೂ ಕಲಾದಗಿ ಜಿಲ್ಲೆಗಳ ಸ್ಮಾರಕಗಳನ್ನು ಸರ್ವೇಕ್ಷಣೆ ಮಾಡಿದರು. ಅವರ ವರದಿಯಲ್ಲಿ ಛಾಯಾಚಿತ್ರಗಳೂ ಸೇರಿದವು. ಆದರೆ ನಮ್ಮ ಸೀಮೆಗೆ ಕ್ಯಾಮೆರಾ ಬಂದದ್ದು ಅದಕ್ಕೂ ಸುಮಾರು 20 ವರ್ಷ ಮೊದಲೇ.

ಫ್ರಾನ್ಸಿನ ಡಾಗೆರ್ ಅವರ ವಿಧಾನ 1839ರಲ್ಲಿ ಪ್ರಕಟವಾಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ಬಲು ಸ್ಪಷ್ಟವಾಗಿ ಮೂಡುತ್ತಿತ್ತು, ಆದರೆ ಒಂದೇ ಪ್ರತಿ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಕಾಗದವೇ ನೆಗೆಟಿವ್. ಅದರಿಂದ ಎಷ್ಟು ಪ್ರತಿಗಳನ್ನಾದರೂ ತೆಗೆಯಬಹುದಿತ್ತು. 1851ರಲ್ಲಿ ಆರ್ಚರ್ ಅವರು ಗಾಜಿನ ಫಲಕಕ್ಕೆ ಕೊಲೋಡಿಯನ್ ದ್ರಾವಣ ಬಳಿಯುವ ಕ್ರಮವನ್ನು ಪ್ರಕಟಿಸಿದರು. ಚಿತ್ರವೇನೋ ಇನ್ನೂ ಸೊಗಸು. ಆದರೆ ದ್ರಾವಣ ಒಣಗುವ ಮೊದಲೇ ಚಿತ್ರ ತೆಗೆದು, ಕತ್ತಲೆ ಡೇರೆಯೊಳಗೆ ನುಗ್ಗಿ ಅದನ್ನು ತೊಳೆಯಬೇಕು. ಬಾದಾಮಿಯ ಬಿಸಿಲಿನಲ್ಲಿ ಅದು ಎಷ್ಟು ಹೊತ್ತು ಹಸಿಯಾಗಿದ್ದೀತು, ನೀವೇ ಊಹಿಸಿ! ಆದ್ದರಿಂದ ಇಲ್ಲಿ ಸುತ್ತಾಡಿದ ಹಲವರು ಕಾಗದವನ್ನೇ ನಂಬಿದರು. ಮೇಣ ಹಚ್ಚಿದ ಕಾಗದವನ್ನು ಕೆಲ ದಿನ ಮುಂಚೆಯೇ ಸಿದ್ಧಪಡಿಸಿ ಪೆಟ್ಟಿಗೆಯಲ್ಲಿ ಒಯ್ಯಬಹುದಿತ್ತು.

ಮುಂಬಯಿ ಫಿರಂಗಿ ದಳದ ಥಾಮಸ್ ಬಿಗ್ಸ್ 1855ರಲ್ಲಿ ಸರ್ಕಾರಿ ಛಾಯಾಗ್ರಾಹಕರಾಗಿ ವಿಜಯಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆದರು. ಅವರ ನಂತರ ಬಂದವರು ಡಾ. ಪಿಗೂ. ಇವರಿಬ್ಬರ ಚಿತ್ರಗಳೂ ಹಳೇಬೀಡು ಮೊದಲಾದೆಡೆ ಡಾ. ನೀಲ್ ತೆಗೆದ ಚಿತ್ರಗಳೂ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಗ್ರಂಥವಾಗಿ 1866ರಲ್ಲಿ ಲಂಡನ್ನಿನಲ್ಲಿ ಹೊರಬಂದವು. ಮುನ್ನುಡಿ, ವಿವರಣೆ ಬರೆದವರ ಹೆಸರೂ ಪುಸ್ತಕದಲ್ಲಿದೆ. ಪೆಟ್ಟಿಗೆ ಹೊತ್ತವರ, ನೀರು ತಂದುಕೊಟ್ಟವರ ಹೆಸರಿಗೆ ಮಾತ್ರ ಅಲ್ಲಿ ಜಾಗ ಸಿಗಲಿಲ್ಲ.

ಆ ಚಿತ್ರಗಳಲ್ಲಿ ಬೀದಿಗಳು ಬರಿದಾಗಿ ಕಂಡರೆ ಊರೇ ಹಾಳಾಗಿತ್ತೆಂದು ತಿಳಿಯಬೇಡಿ. ಕಾಗದದ ಮೇಲೆ ಬೆಳಕು ಬಹಳ ಹೊತ್ತು ಬೀಳಬೇಕಿತ್ತು. ಅಷ್ಟರಲ್ಲಿ ನಡೆದುಹೋದವರ ಗುರುತು ಉಳಿಯುತ್ತಿರಲಿಲ್ಲ. ಕಲ್ಲು ಉಳಿಯುತ್ತಿತ್ತು.

ಉಳಿದದ್ದರ ಬೆಲೆ ತಿಳಿಯಲು ಹಂಪಿಗೆ ಬರೋಣ. 2017ರಲ್ಲಿ ಬಂದ 50 ರೂಪಾಯಿ ನೋಟಿನಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥವಿದೆ. ಅದರ ಮೇಲ್ಭಾಗ ಚಪ್ಪಟೆ. ಮದ್ರಾಸ್ ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಕಾಗದದ ನೆಗೆಟಿವ್ ಬಳಸಿ ತೆಗೆದ ಚಿತ್ರದಲ್ಲಾದರೋ ಅದೇ ರಥದ ಮೇಲೆ ಇಟ್ಟಿಗೆಯ ಶಿಖರ ನಿಂತಿದೆ. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1983ರಲ್ಲಿ ಹಂಪಿಗೆ ಬಂದು, ಗ್ರೀನ್‌ಲಾ ಕ್ಯಾಮೆರಾ ಇಟ್ಟಿದ್ದ ಜಾಗಗಳನ್ನೇ ಹುಡುಕಿ, ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ರಥ ಅದೇ, ಚಕ್ರ ಅವೇ, ಶಿಖರವಿದ್ದಲ್ಲಿ ಆಕಾಶ.