ಜಿಎಫ್ ಅಂದ್ರೆ ನೀವು ಅಂದ್ಕೊಂಡಿದ್ದಲ್ಲ!

ಗಣಿತದ ಇತಿಹಾಸ | ಭಾಗ 6

ಕಂಪ್ಯೂಟರಲ್ಲಿ ಬೀಜಗಣಿತ ಮಾಡೋಕೆ ಸೇಜ್, ಗ್ಯಾಪ್ ಅಂತ ಫ್ರೀ ಸಾಫ್ಟ್‌ವೇರ್‌ಗಳಿವೆ. ಸೇಜ್ ಓಪನ್ ಮಾಡಿ, ಇಂಗ್ಲಿಷಲ್ಲಿ ಜಿಎಫ್(7) ಅಂತ ಟೈಪ್ ಮಾಡಿ. ಈಗ ನೀವು ಬರೀ ಏಳು ಸಂಖ್ಯೆಗಳಿರೋ ಲೋಕಕ್ಕೆ ಬಂದ್ರಿ. 0ಯಿಂದ 6ರವರೆಗೆ, ಅಷ್ಟೇ!

ಇಲ್ಲಿ ಲೆಕ್ಕ ವಾರದ ದಿನಗಳ ಥರ. ಇವತ್ತು ಸೋಮವಾರ ಆದ್ರೆ 10 ದಿನ ಆದ್ಮೇಲೂ ಗುರುವಾರ, 3 ದಿನ ಆದ್ಮೇಲೂ ಗುರುವಾರ. ಅಂದ್ರೆ 10 ಇಲ್ಲಿ 3. ಈಗ 3ನ್ನು 5ರಿಂದ ಭಾಗಿಸಿ. ಕ್ಯಾಲ್ಕುಲೇಟರ್ 0.6 ಅನ್ನುತ್ತೆ. ಈ ಲೋಕದಲ್ಲಿ ಉತ್ತರ 2. ತಾಳೆ ನೋಡಿ: 5×2 = 10, ಅಂದ್ರೆ 3. ದಶಮಾಂಶ ಇಲ್ಲ, ರೌಂಡ್ ಆಫ್ ಇಲ್ಲ. ಒಂದು ಪೈಸೆ ವ್ಯತ್ಯಾಸಕ್ಕೆ ಬ್ಯಾಲೆನ್ಸ್ ಶೀಟ್ ಮುಂದೆ ಒದ್ದಾಡೋ ನಮ್ಮಂಥ ಬಿಕಾಂನವರಿಗೆ ಸ್ವರ್ಗ! ಇದರ ಹೆಸರೇ ಫೈನೈಟ್ ಫೀಲ್ಡ್.

ಹಾಗಾದ್ರೆ ಜಿಎಫ್ ಯಾಕೆ? ಅದು ಗಾಲ್ವಾ ಫೀಲ್ಡ್. ಫ್ರಾನ್ಸಿನ ಎವಾರಿಸ್ಟ್ ಗಾಲ್ವಾ ಹುಟ್ಟಿದ್ದು 1811ರಲ್ಲಿ. ಪ್ಯಾರಿಸ್ಸಿನ ದೊಡ್ಡ ಕಾಲೇಜೊಂದರ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಫೇಲ್. 7ರಂಥ ಅವಿಭಾಜ್ಯ ಸಂಖ್ಯೆಗಳಿಗೆ ಈ ಥರದ ಲೆಕ್ಕ ಮೊದಲೇ ಗೊತ್ತಿತ್ತು. 1830ರಲ್ಲಿ, 18ನೇ ವಯಸ್ಸಲ್ಲಿ, ಗಾಲ್ವಾ ಅದನ್ನ 4, 8, 9ರಂಥ ಅವುಗಳ ಘಾತಗಳಿಗೂ ವಿಸ್ತರಿಸಿದ. 1832ರಲ್ಲಿ ಪಿಸ್ತೂಲಿನ ದ್ವಂದ್ವಯುದ್ಧದಲ್ಲಿ ಗುಂಡು ತಗುಲಿ ಸತ್ತ. ವಯಸ್ಸು 20. ನಮ್ಮ ಓರಗೆಯವನು. ಗಾಲ್ವಾ ಫೀಲ್ಡ್ ಅನ್ನೋ ಹೆಸರನ್ನ ಅಮೆರಿಕದ ಇ. ಎಚ್. ಮೂರ್ ಕೊಟ್ಟಿದ್ದು 1893ರಲ್ಲಿ.

"ಇದರಿಂದೇನು ಉಪಯೋಗ?" ಅಂತ ಆಗ ಕೇಳಿದ್ರೆ ಅವನ ಹತ್ರ ತೋರಿಸೋಕೆ ಏನೂ ಇರ್ತಿರಲಿಲ್ಲ. ಕಂಪ್ಯೂಟರ್ ಬರಬೇಕಾಯ್ತು. 1960ರಲ್ಲಿ ರೀಡ್ ಮತ್ತು ಸಾಲಮನ್ ಇದೇ ಲೆಕ್ಕದಿಂದ, ಕಳುಹಿಸಿದ ಮಾಹಿತಿಯಲ್ಲಿ ತಪ್ಪು ನುಸುಳಿದರೂ ಸರಿಪಡಿಸೋ ಕೋಡ್ ಕಟ್ಟಿದರು. 1967ರಲ್ಲಿ ಎಲ್ವಿನ್ ಬರ್ಲೆಕ್ಯಾಂಪ್, ಫೈನೈಟ್ ಫೀಲ್ಡಲ್ಲಿ ಬಹುಪದೋಕ್ತಿಗಳನ್ನ ಅಪವರ್ತಿಸೋ ವಿಧಾನ ಪ್ರಕಟಿಸಿದರು. ನಾವು ಎಸ್ಸೆಸ್ಸೆಲ್ಸಿಯಲ್ಲಿ ಮಾಡಿದ ಅಪವರ್ತನವೇ, ಆದ್ರೆ ದೈತ್ಯ ಗಾತ್ರದ್ದು. ಮಾಮೂಲಿ ಪೂರ್ಣಾಂಕಗಳ ಬಹುಪದೋಕ್ತಿ ಕೊಟ್ಟರೂ ಸಾಫ್ಟ್‌ವೇರ್ ಸಾಮಾನ್ಯವಾಗಿ ಅದನ್ನ ಮೊದಲು ಇಂಥ ಪುಟ್ಟ ಲೋಕಕ್ಕೆ ಇಳಿಸಿ, ಅಲ್ಲಿ ಒಡೆದು, ಆ ತುಂಡುಗಳಿಂದ ಮೂಲದ ಉತ್ತರ ಕಟ್ಟುತ್ತೆ.

ಇನ್ನೊಂದು ಉಪಯೋಗ ನಿಮ್ಮ ಕೈಯಲ್ಲೇ ಇದೆ. 1994ರಲ್ಲಿ ಜಪಾನಲ್ಲಿ ಬಂದ ಕ್ಯೂಆರ್ ಕೋಡ್ ಒಳಗೆ ರೀಡ್, ಸಾಲಮನ್ ಕೋಡೇ ಇದೆ. ಅದು ನಡೆಯೋದು 256 ಸಂಖ್ಯೆಗಳ ಜಿಎಫ್‌ನಲ್ಲಿ. ಅಂಗಡಿಯ ಸ್ಟಿಕ್ಕರ್ ಸ್ವಲ್ಪ ಹರಿದಿದ್ರೂ, ಅರಿಶಿನ ಮೆತ್ತಿದ್ರೂ ಸ್ಕ್ಯಾನ್ ಆಗೋದು ಅದಕ್ಕೇ. ಅತಿ ಗಟ್ಟಿ ಮಟ್ಟದ ಕೋಡಲ್ಲಿ ಸುಮಾರು 30% ಹಾಳಾದರೂ ಮಾಹಿತಿ ವಾಪಸ್ ಸಿಗುತ್ತೆ.

ಇವತ್ತು ಟೀ ಕುಡಿದು ಸ್ಕ್ಯಾನ್ ಮಾಡುವಾಗ ಆ ಹುಡುಗನನ್ನ ಒಂದ್ಸಲ ನೆನೆಸಿಕೊಳ್ಳಿ. ಮತ್ತೆ, ಯಾರಾದ್ರೂ ನಿಮ್ಮ ಓದಿಗೆ "ಏನ್ ಯೂಸ್?" ಅಂದ್ರೆ ಈ ಪೋಸ್ಟ್ ಕಳಿಸಿ.

ಹೋಂವರ್ಕ್: ಸೇಜಲ್ಲಿ ಜಿಎಫ್(6) ಟೈಪ್ ಮಾಡಿ. ಎರರ್ ಬರುತ್ತೆ. ಯಾಕೆ? ಸುಳಿವು ಮೇಲೆಯೇ ಇದೆ, ಉತ್ತರ ಕಾಮೆಂಟಲ್ಲಿ ಹಾಕಿ 👇

#ಗಣಿತದಇತಿಹಾಸ #ಗಾಲ್ವಾ #ಕನ್ನಡದಲ್ಲಿಗಣಿತ